ಬಾಗಿಲು ಬಿಚ್ಚಿಸಿ, ಗ್ಯಾಸ್ ಹಿಡಿಸಿ: ಪೌರಾಯುಕ್ತರಿಗೆ ಒಬ್ಬ ಫ್ರಿಜ್ ಮೆಕ್ಯಾನಿಕ್‌ನ ಬಹಿರಂಗ ಪತ್ರ

ಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ.

ವಿಷಯ: ಮನೆಗಳಿಂದ ಹೊರಬೀಳುವ ಹಳೆಯ ಫ್ರಿಜ್‌ಗಳ ಸುರಕ್ಷಿತ ಸಂಗ್ರಹ ಮತ್ತು ವಿಲೇವಾರಿ ಕುರಿತು.

ಮಾನ್ಯರೇ,

ನಾನು ಈ ಊರಿನಲ್ಲಿ ಫ್ರಿಜ್ ಮತ್ತು ಏಸಿ ರಿಪೇರಿ ಮಾಡಿಯೇ ಸಂಸಾರ ನಡೆಸಿದವನು. ಇದೇ ವಿಷಯವಾಗಿ ನಿಮ್ಮ ಕಚೇರಿಯ ಟಪಾಲಿಗೆ ಅರ್ಜಿ ಕೊಟ್ಟು, ಮೊಹರು ಹಾಕಿಸಿಕೊಂಡ ಪ್ರತಿ ನನ್ನ ಬಳಿ ಇದೆ. ಉತ್ತರ ಬರಲಿಲ್ಲ. ಆರೋಗ್ಯ ಶಾಖೆಯಲ್ಲಿ ವಿಚಾರಿಸಿದರೆ, ‘ಅದು ನಮ್ಮ ಕಸ ಅಲ್ಲ ಸ್ವಾಮಿ, ಕಂಪನಿಯವರದು’ ಎಂದರು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ನಿಮ್ಮ ಪಿನ್‌ಕೋಡ್‌ಗೆ ಆ ಸೇವೆ ಇಲ್ಲ ಎಂದರು. ಹಾಗಾದರೆ ಇದು ಯಾರ ಕಸ? ಊರಿನವರ ಎದುರಿಗೇ ಕೇಳಿಬಿಡೋಣ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮ್ಮ ಬಗ್ಗೆ ಅಗೌರವ ಇದರಲ್ಲಿಲ್ಲ.

ಈಗ ನಡೆಯುತ್ತಿರುವುದು ಇಷ್ಟು. ಬೆಳಗ್ಗೆ ಬರುವ ಆಟೋ ಟಿಪ್ಪರ್‌ನವರು ಹಸಿ ಕಸ, ಒಣ ಕಸ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವರದು ತಪ್ಪೆನ್ನಲಾರೆ, ಐವತ್ತು ಕಿಲೋ ತೂಗುವ ಪೆಟ್ಟಿಗೆಯನ್ನು ಆ ಗಾಡಿಗೆ ಯಾರು ಎತ್ತಬೇಕು? ಆಯುಧಪೂಜೆ, ದೀಪಾವಳಿ ಹತ್ತಿರ ಬಂದಾಗ ಅಂಗಡಿಗಳ ಮುಂದೆ ‘ಹಳೇದು ಕೊಡಿ, ಹೊಸದು ಒಯ್ಯಿರಿ’ ಎಂಬ ಬ್ಯಾನರ್ ಏಳುತ್ತದೆ. ಹಳೆಯದನ್ನು ಕಂಪನಿಯವರು ಒಯ್ದು ಕ್ರಮವಾಗಿ ಒಡೆಯುತ್ತಾರೆ ಎಂದು ಗಿರಾಕಿ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ನಾನು ನೋಡಿದಂತೆ ಆ ಹಳೆಯವುಗಳಲ್ಲಿ ಓಡುವಂಥವು ಸೆಕೆಂಡ್ ಹ್ಯಾಂಡ್ ಅಂಗಡಿಗೆ, ಕೆಟ್ಟವು ಟಾಟಾ ಏಸ್ ಏರಿ ಬಸ್ ನಿಲ್ದಾಣದ ಹಿಂದಿನ ಗುಜರಿ ಸಾಲಿಗೆ. ಗುಜರಿಯವರೂ ಬೇಡವೆಂದ ತುಕ್ಕು ಹಿಡಿದ ಪೆಟ್ಟಿಗೆಗಳು ಖಾಲಿ ಸೈಟಿಗೆ ಅಥವಾ ಕೆರೆ ಏರಿಗೆ.

ಆ ಗುಜರಿ ಸಾಲಿಗೆ ಒಮ್ಮೆ ಬಿಡುವು ಮಾಡಿಕೊಂಡು ಬನ್ನಿ, ಸರ್. ಜೀಪಿನಲ್ಲಿ ಬೇಡ, ನಡೆದು ಬನ್ನಿ. ಫ್ರಿಜ್ಜನ್ನು ಬೋರಲು ಮಲಗಿಸಿ, ಹಿಂಬದಿಯ ಕೆಳಗೆ ಕೂತಿರುವ ಕಪ್ಪು ಕಂಪ್ರೆಸರ್‌ಗೆ ಸೇರುವ ಪೈಪನ್ನು ಒಬ್ಬ ಹುಡುಗ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿ ತಿರುಚುತ್ತಾನೆ. ಸುಯ್ಯೆಂದು ಸದ್ದು ಬರುತ್ತದೆ, ಕೊಯ್ದ ಬಾಯಿಯಿಂದ ಎಣ್ಣೆ ಸೀರುತ್ತದೆ, ಅವನು ಮುಖ ಆಚೆ ತಿರುಗಿಸುತ್ತಾನೆ. ಎಣ್ಣೆ ಒರೆಸಿಕೊಳ್ಳುವುದು ಪ್ಯಾಂಟಿಗೇ. ಸದ್ದು ನಿಂತ ಮೇಲೆ ಬುಡದ ನಟ್ಟು ಬಿಚ್ಚಿ ಕಂಪ್ರೆಸರ್ ಎತ್ತಿ, ಒಳಗೆ ಉಳಿದ ಎಣ್ಣೆಯನ್ನು ಚರಂಡಿಗೆ ಬಗ್ಗಿಸಿ, ತಕ್ಕಡಿಗೆ ಹಾಕುತ್ತಾರೆ. ಆಮೇಲೆ ತಾಮ್ರ, ಅಲ್ಯೂಮಿನಿಯಂ, ತಗಡು ಬೇರೆಬೇರೆ ರಾಶಿ. ತಗಡಿಗೂ ಒಳಗಿನ ಪ್ಲಾಸ್ಟಿಕ್‌ಗೂ ನಡುವೆ ತುಂಬಿರುವ ಹಳದಿ ಫೋಮ್‌ಗೆ ಬೆಲೆಯಿಲ್ಲ. ಸಂಜೆ ಅದಕ್ಕೆ ಬೆಂಕಿ. ಆ ಫೋಮ್ ಪಾಲಿಯುರೆಥೇನ್. ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಪಕ್ಕದಲ್ಲೇ ಹೋಟೆಲು, ಹೋಟೆಲಿನ ಹೊರಗೆ ಬೋಂಡದ ಬಾಣಲೆ.

ಅಲ್ಲಿನ ಒಬ್ಬ ಯಜಮಾನರು ನನಗೆ ಬಹಳ ಕಾಲದ ಪರಿಚಯ. ‘ಹಿಂಗೆ ಗ್ಯಾಸ್ ಬಿಡಬೇಡಿ ಭಾಯ್’ ಅಂದೆ. ‘ತಾಮ್ರಕ್ಕೆ ದುಡ್ಡು ಕೊಡೋರಿದಾರೆ, ಗ್ಯಾಸಿಗೆ ಯಾರು ಕೊಡ್ತಾರೆ ಹೇಳಿ, ಅದನ್ನೂ ಹಿಡಿದಿಡ್ತೀನಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪತ್ರದ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ: ಫ್ರಿಜ್ಜಿನಲ್ಲಿ ಬೆಲೆ ಬಾಳುವುದನ್ನು ತೆಗೆಯಲು ಊರಿನಲ್ಲಿ ಜನ ಇದ್ದಾರೆ, ಹಾನಿ ಮಾಡುವುದನ್ನು ತೆಗೆಯಲು ಯಾರೂ ಇಲ್ಲ. ಆ ಎರಡನೇ ಕೆಲಸ ಮಾರುಕಟ್ಟೆ ಮಾಡುವುದಿಲ್ಲ, ನಗರಸಭೆಯೇ ಮಾಡಿಸಬೇಕು.

ಗ್ಯಾಸ್ ಅಂದರೆ ಎಷ್ಟು, ಏನು ಎಂದು ತಾವು ಕೇಳಬಹುದು. ಪೈಪಿನೊಳಗೆ ಸುತ್ತುತ್ತ ಫ್ರಿಜ್ಜನ್ನು ತಣ್ಣಗಿಡುವುದು ಈ ಗ್ಯಾಸೇ. ಮನೆಯ ಫ್ರಿಜ್ಜಿನಲ್ಲಿರುವುದು ಗ್ರಾಂ ಲೆಕ್ಕದಲ್ಲಿ. ಬಾಗಿಲ ಒಳಗೋ ಹಿಂಬದಿಯಲ್ಲೋ ಅಂಟಿಸಿರುವ ಚೀಟಿಯಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಇರುತ್ತವೆ. ತೀರ ಹಳೆಯ ಫ್ರಿಜ್‌ಗಳಲ್ಲಿ ಇದ್ದದ್ದು ಆರ್-12. ನಮ್ಮ ಕಸುಬಿನವರು ಲೀಕ್ ಹುಡುಕುವ ಟಾರ್ಚಿನ ಜ್ವಾಲೆ ಹಸಿರಾಗುವುದನ್ನು ನೋಡಿ ಅದನ್ನು ಪತ್ತೆ ಮಾಡುತ್ತಿದ್ದ ಕಾಲವಿತ್ತು. ಆಕಾಶದ ಓಝೋನ್ ಪದರವನ್ನು ತಿನ್ನುವ ಸಿಎಫ್‌ಸಿ ಎಂದರೆ ಇದೇ. ಇದರ ಕುರಿತಾದ ಮಾಂಟ್ರಿಯಲ್ ಒಪ್ಪಂದಕ್ಕೆ 1987ರ ಸೆಪ್ಟೆಂಬರ್ 16ರಂದು ಸಹಿ ಬಿತ್ತು, ಭಾರತ 1992ರಲ್ಲಿ ಸೇರಿತು, 2003ರ ಜನವರಿಯಿಂದ ಹೊಸ ಫ್ರಿಜ್‌ಗಳಲ್ಲಿ ಸಿಎಫ್‌ಸಿ ತುಂಬುವಂತಿಲ್ಲ ಎಂದಾಯಿತು. ಅದಕ್ಕೂ ಹಿಂದೆ ಕೊಂಡ ಪೆಟ್ಟಿಗೆಗಳು ಅಜ್ಜಿ ಮನೆಗಳಲ್ಲಿ, ಸಣ್ಣ ಅಂಗಡಿಗಳ ಮೂಲೆಗಳಲ್ಲಿ ಇನ್ನೂ ಇವೆ, ಒಂದೊಂದಾಗಿ ಈಗ ಹೊರಬೀಳುತ್ತಿವೆ. ಅವುಗಳ ಫೋಮ್ ಉಬ್ಬಿಸಲು ಬಳಸಿದ್ದೂ ಸಿಎಫ್‌ಸಿಯೇ, ಆರ್-11. ಪೈಪಿನಲ್ಲಿರುವುದಕ್ಕಿಂತ ಹೆಚ್ಚು ಗ್ಯಾಸ್ ಆ ಗೋಡೆಗಳ ಒಳಗೇ ಕೂತಿರುತ್ತದೆ.

ಆಮೇಲೆ ಬಂದದ್ದು ಆರ್-134ಎ. ಇದು ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಬಲ. ಒಂದು ಫ್ರಿಜ್ಜಿನ 100 ಗ್ರಾಂ ಗಾಳಿಗೆ ಹೋದರೆ ಸುಮಾರು 140 ಕಿಲೋ ಡೈಆಕ್ಸೈಡ್ ಬಿಟ್ಟ ಹಾಗೆ, ಅಂದರೆ 60 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಅದೇ 100 ಗ್ರಾಂ ಆರ್-12 ಆದರೆ ಲೆಕ್ಕ ಒಂದು ಟನ್ ದಾಟುತ್ತದೆ. ಕಟಿಂಗ್ ಪ್ಲೇಯರ್‌ನ ಒಂದು ಹಿಡಿತಕ್ಕೆ ಇಷ್ಟು. ಬೀದಿ ದೀಪವನ್ನೆಲ್ಲ ಎಲ್‌ಇಡಿಗೆ ಬದಲಿಸಿದ್ದೇವೆ ಎಂದು ಸಾಧನೆಯ ಫಲಕ ಹಾಕುವ ನಗರಸಭೆಗೆ ಈ ಲೆಕ್ಕ ಚಿಕ್ಕದಾಗಿ ಕಾಣಬಾರದು.

ಈಗಿನ ಬಹುಪಾಲು ಹೊಸ ಫ್ರಿಜ್‌ಗಳಲ್ಲಿ ಇರುವುದು ಆರ್-600ಎ, ಐಸೋಬ್ಯೂಟೇನ್. ಬಿಸಿಯ ಲೆಕ್ಕದಲ್ಲಿ ಇದು ಬಹಳ ಸಾಧು. ಆದರೆ ಇದು ಅಡುಗೆ ಗ್ಯಾಸಿನ ಸೋದರ ಸಂಬಂಧಿ, ಹೊತ್ತಿಕೊಳ್ಳುತ್ತದೆ. ಕಂಪ್ರೆಸರ್ ಮೇಲೆ ಬೆಂಕಿಯ ಚಿತ್ರದ ಹಳದಿ ತ್ರಿಕೋನ ಅಂಟಿಸಿರುವುದು ಅದಕ್ಕೇ. ಅಡುಗೆ ಗ್ಯಾಸಿಗೆ ಸೋರಿದರೆ ಗೊತ್ತಾಗಲಿ ಎಂದು ವಾಸನೆ ಸೇರಿಸಿರುತ್ತಾರೆ, ಇದಕ್ಕೆ ಸೇರಿಸಿರುವುದಿಲ್ಲ. ಗಾಳಿಗಿಂತ ಭಾರ, ಸೋರಿದ್ದು ನೆಲಕ್ಕೇ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 43 ಗ್ರಾಂನಷ್ಟು ಸೇರಿದರೆ ಕಿಡಿ ತಾಗಿದಾಗ ಹೊತ್ತಿಕೊಳ್ಳಲು ಸಾಕು. ಒಂದು ಫ್ರಿಜ್ಜಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎರಡು ಮೂರು ಫ್ರಿಜ್‌ಗಳ ಪೈಪ್ ಒಟ್ಟಿಗೆ ಕೊಯ್ದು, ಪಕ್ಕದಲ್ಲೇ ಗ್ಯಾಸ್ ಕಟರ್ ಹಚ್ಚಿದರೆ ಏನಾದೀತು ಎಂಬುದನ್ನು ಅಗ್ನಿಶಾಮಕ ಠಾಣೆಯವರನ್ನು ಕೇಳಿ. ಆರ್-12 ಗುರುತು ಹಿಡಿದು ಕಲಿತ ಹಳಬರಿಗೆ ಬೆಂಕಿಯ ಭಯವಿರಲಿಲ್ಲ, ಆ ಗ್ಯಾಸ್ ಹತ್ತುತ್ತಿರಲಿಲ್ಲ. ಅದೇ ಧೈರ್ಯ ಈಗಿನ ಫ್ರಿಜ್‌ಗಳ ಮೇಲೆ ತೋರಿಸುವುದು ಅಪಾಯ. ಗುಜರಿ ಸಾಲಿನಲ್ಲಿ ಯಾವ ಪೆಟ್ಟಿಗೆಯೊಳಗೆ ಯಾವ ಗ್ಯಾಸ್ ಇದೆ ಎಂದು ಚೀಟಿ ಓದುವವರು ಯಾರೂ ಇಲ್ಲ.

ಇನ್ನು ಬಾಗಿಲಿನ ವಿಷಯ. ಗ್ಯಾಸಿನ ವಿಷಯಕ್ಕೆ ಹಣ ಬೇಕು, ಸಮಯ ಬೇಕು ಎಂದು ತಾವು ಹೇಳಿದರೆ ಒಪ್ಪುತ್ತೇನೆ. ಇದಕ್ಕೆ ಎರಡೂ ಬೇಡ.

ಸರ್ಕಾರಿ ಪ್ರಾಥಮಿಕ ಶಾಲೆಯ ಹಿಂದಿನ ಖಾಲಿ ಸೈಟಿನಲ್ಲಿ ಒಂದು ಫ್ರಿಜ್ ಮಳೆಗಾಲದಿಂದಲೂ ನಿಂತಿದೆ. ಬಾಗಿಲು ಇದ್ದ ಹಾಗೇ ಇದೆ, ಬಾಗಿಲಂಚಿನ ರಬ್ಬರು, ಅಂದರೆ ಗ್ಯಾಸ್ಕೆಟ್, ಗಟ್ಟಿಯಾಗಿದೆ, ಬೀಗದ ಕೊಂಡಿಯೂ ಕೆಲಸ ಮಾಡುತ್ತದೆ. ನಾನೇ ತೆಗೆದು ಹಾಕಿ ನೋಡಿದೆ. ಒಳಗಿನ ಗಾಜಿನ ತಟ್ಟೆಗಳನ್ನು ಯಾರೋ ಒಯ್ದಿದ್ದಾರೆ. ಹಾಗಾಗಿ ಮೂರನೇ ಕ್ಲಾಸಿನ ಮಗು ಮಂಡಿ ಮಡಚಿ ಕೂರುವಷ್ಟು ಜಾಗ ಸಲೀಸಾಗಿ ಇದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲೇ ಕಣ್ಣಾಮುಚ್ಚಾಲೆ ಆಡುತ್ತಾರೆ. ಫ್ರಿಜ್ಜಿನ ಬಾಗಿಲಿನ ಸುತ್ತ ಇರುವ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಮುಚ್ಚಿದರೆ ಗಾಳಿ ಆಡುವುದಿಲ್ಲ, ತಣ್ಣಗಿಡಲು ಮಾಡಿರುವುದೇ ಹಾಗೆ. ದಪ್ಪ ಗೋಡೆಯಿಂದ ಕೂಗೂ ಹೊರಗೆ ಕೇಳುವುದಿಲ್ಲ. ಒಳಗಿನಿಂದ ದೂಡಿದರೆ ತೆಗೆದುಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಫ್ರಿಜ್ ನೆಟ್ಟಗೆ, ಸಮ ನೆಲದ ಮೇಲೆ ನಿಂತಿದ್ದರೆ ಆದೀತು. ಬಾಗಿಲ ಕಡೆಗೇ ವಾಲಿದ್ದರೆ, ಎದುರಿಗೆ ಕಲ್ಲೋ ಕಾಂಪೌಂಡೋ ಅಡ್ಡ ಇದ್ದರೆ, ಇನ್ನೊಂದು ಮಗು ಆಟಕ್ಕೆಂದು ಬೀಗದ ಕೊಂಡಿ ತಿರುಗಿಸಿದ್ದರೆ? ನಮ್ಮ ದೇಶದ ಫ್ರಿಜ್‌ಗಳಿಗೆ ಬೀಗ ಇರುವುದು ಮಾಮೂಲು ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತು ಸತ್ತು, 1956ರಲ್ಲೇ ಒಳಗಿನಿಂದ ತೆಗೆಯಲು ಬರುವ ಬಾಗಿಲೇ ಇರಬೇಕೆಂದು ಕಾನೂನು ಮಾಡಿದರು. ನಮ್ಮಲ್ಲಿ ಕಾನೂನಿಗೆ ಕಾಯಬೇಕಾಗಿಲ್ಲ. ಮೇಲಿನ ಹಿಂಜಿನ ಎರಡು ಬೋಲ್ಟ್ ಬಿಚ್ಚಿದರೆ ಬಾಗಿಲು ಕೈಗೆ ಬರುತ್ತದೆ. ಒಂದು ಪಾನಾ (ಸ್ಪ್ಯಾನರ್) ಸಾಕು.

ಕಾನೂನು ಏನನ್ನುತ್ತದೆ ಎಂಬುದನ್ನೂ ಓದಿಕೊಂಡೇ ಬರೆಯುತ್ತಿದ್ದೇನೆ. 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಟಿವಿ, ಕಂಪ್ಯೂಟರ್ ಮಾತ್ರವಲ್ಲ, ಫ್ರಿಜ್ ಕೂಡ ಆ ಪಟ್ಟಿಯಲ್ಲಿದೆ. ಊರಿನ ಕಸದಲ್ಲಿ ಇ-ತ್ಯಾಜ್ಯ ಬೆರೆತಿದ್ದರೆ ಅದನ್ನು ಬೇರ್ಪಡಿಸಿ, ಸಂಗ್ರಹಿಸಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯನ್ನು ಆ ನಿಯಮಗಳು ನಗರಸಭೆಯಂಥ ನಗರ ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. ತಯಾರಕರೇ ಇಲ್ಲದಾದ ಅನಾಥ ಸಾಮಾನುಗಳೂ ಈ ಸಂಸ್ಥೆಗಳದೇ ಪಾಲು. ಬಾಗಿಲು ಮುಚ್ಚಿದ ಕಂಪನಿಗಳ ಫ್ರಿಜ್ ನಮ್ಮ ಊರಿನಲ್ಲಿ ಎಷ್ಟಿಲ್ಲ! ಆದ್ದರಿಂದ ‘ನಮ್ಮ ಕಸ ಅಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ, ಸರ್.

ಕಂಪನಿಗಳ ಹೊಣೆ ಇಲ್ಲವೆಂದಲ್ಲ, ದೊಡ್ಡದೇ ಇದೆ. ತಯಾರಕರು ಮಾರಿದ್ದಕ್ಕೆ ತಕ್ಕಷ್ಟು ಹಳೆಯ ಮಾಲಿನ ಮರುಬಳಕೆಯ ಗುರಿ ಮುಟ್ಟಬೇಕು. ಮೊದಲ ಎರಡು ವರ್ಷಕ್ಕೆ ಶೇ 60, ಅಲ್ಲಿಂದ ಮುಂದಿನ ಎರಡಕ್ಕೆ ಶೇ 70, ಆಮೇಲೆ ಶೇ 80. ಆದರೆ ಆ ಗುರಿಯನ್ನು ಅವರು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಪೂರೈಸಬಹುದು. ಎಲ್ಲೋ ದೂರದ ಊರಿನ ಘಟಕದಲ್ಲಿ ಒಡೆದ ಮಾಲಿನ ಪ್ರಮಾಣಪತ್ರವೂ ನಡೆಯುತ್ತದೆ. ಹಾಗಾಗಿ ದೇಶದ ಲೆಕ್ಕದಲ್ಲಿ ಕಂಪನಿ ನಿಯಮ ಪಾಲಿಸಿದಂತೆಯೇ, ನಮ್ಮ ಕೆರೆ ಏರಿಯ ಮೇಲೆ ಫ್ರಿಜ್ ಬಿದ್ದಿರುವುದೂ ಸಾಧ್ಯ. ಕಂಪನಿಯ ಗಾಡಿ ತಾನಾಗಿ ನಮ್ಮ ಊರಿಗೆ ಬರುತ್ತದೆ ಎಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ನಾವು ಒಂದು ಕಡೆ ಕೂಡಿಹಾಕಿ ಲೋಡ್ ಆಗುವಷ್ಟು ಮಾಡಿದರೆ ಅವರನ್ನು ಕರೆಯಬಹುದು, ಕೇಳಬಹುದು, ಬಾರದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬಹುದು. ಬೀದಿಗೊಂದು ಬಿದ್ದಿದ್ದರೆ ಯಾರೂ ಬರುವುದಿಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕ ಶುರುವಾದದ್ದು ನಮ್ಮ ರಾಜ್ಯದಲ್ಲೇ, 2005ರಲ್ಲಿ, ದಾಬಸ್‌ಪೇಟೆಯಲ್ಲಿ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವಾಗ ನಾವೆಲ್ಲ ದಾಟಿಕೊಂಡೇ ಹೋಗುವ ಊರು ಅದು.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲನೆಯದು ಈ ವಾರವೇ ಆಗಬೇಕಾದ್ದು: ನಗರಸಭೆ ವ್ಯಾಪ್ತಿಯಲ್ಲಿ ಹೊರಗೆ ಬಿದ್ದಿರುವ ಪ್ರತಿಯೊಂದು ಫ್ರಿಜ್ಜಿನ ಬಾಗಿಲನ್ನೂ ಬಿಚ್ಚಿಸಿ ತೆಗೆಸಬೇಕು. ಗುಜರಿ ಅಂಗಡಿ, ರಿಪೇರಿ ಅಂಗಡಿ, ಷೋರೂಮ್‌ಗಳ ಉದ್ದಿಮೆ ಪರವಾನಗಿಯಲ್ಲಿ, ಬಾಗಿಲು ಸಮೇತ ಕೆಟ್ಟ ಫ್ರಿಜ್ಜನ್ನು ಹೊರಗೆ ಇಡುವಂತಿಲ್ಲ ಎಂಬ ಒಂದು ಷರತ್ತು ಸೇರಿಸಬೇಕು. ಪರವಾನಗಿ ನವೀಕರಣ ನಿಮ್ಮ ಕೈಯಲ್ಲೇ ಇದೆ.

ಎರಡನೆಯದು, ತಿಂಗಳಿಗೆ ಒಂದು ದಿನ ದೊಡ್ಡ ಸಾಮಾನಿನ ಗಾಡಿ. ವಾರ್ಡ್‌ವಾರು ದಿನ ಗೊತ್ತು ಮಾಡಿ, ಕಸದ ಗಾಡಿಯ ಮೈಕಿನಲ್ಲಿ ಆ ಹಾಡಿನ ನಡುವೆ ಒಂದು ಸಲ ಹೇಳಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಎತ್ತಲು ನಾಲ್ಕು ಜನ, ಹಗ್ಗ, ಇಳಿಜಾರು ಹಲಗೆ ಇರಲಿ. ಪೌರಕಾರ್ಮಿಕರ ಬೆನ್ನಿನ ಮೇಲೆ ಹೊರಿಸಬೇಡಿ. ಮನೆಯವರಿಗೆ ರಸೀದಿ ಕೊಡಿ.

ಮೂರನೆಯದೇ ಮುಖ್ಯ. ಘನತ್ಯಾಜ್ಯ ಘಟಕದ ಜಾಗದಲ್ಲಿ ನಾಲ್ಕೂ ಕಡೆ ಗಾಳಿಯಾಡುವ ಒಂದು ಶೆಡ್, ಗ್ಯಾಸ್ ಹಿಡಿಯುವ ರಿಕವರಿ ಮೆಷಿನ್, ತೂಕದ ಸ್ಕೇಲ್, ಬೇರೆಬೇರೆ ಗ್ಯಾಸಿಗೆ ಬೇರೆಬೇರೆ ಸಿಲಿಂಡರ್. ಕೆಲಸ ಕಷ್ಟದ್ದಲ್ಲ: ಗ್ಯಾಸ್ ಹೊರಗೆ ಸೋರದಂತೆ ಪೈಪನ್ನು ಚುಚ್ಚುವ ಪಿಯರ್ಸಿಂಗ್ ವಾಲ್ವ್ ಕೂರಿಸಿ, ಮೆಷಿನ್‌ಗೆ ಹೋಸ್ ಕೊಟ್ಟು, ಸಿಲಿಂಡರ್‌ಗೆ ಎಳೆದುಕೊಳ್ಳುವುದು. ಸಿಲಿಂಡರ್ 80 ಶೇಕಡಕ್ಕಿಂತ ಹೆಚ್ಚು ತುಂಬಬಾರದು, ಆರ್-12 ಮತ್ತು 134ಎ ಬೆರೆಸಬಾರದು, 600ಎಗೆ ಕಿಡಿ ಹಾರದ ಉಪಕರಣವೇ ಬೇಕು. ಆಮೇಲೆ ಕಂಪ್ರೆಸರ್ ಎಣ್ಣೆಯನ್ನು ಕ್ಯಾನಿಗೆ ಇಳಿಸಿಕೊಳ್ಳುವುದು. ಫೋಮ್‌ನೊಳಗಿನ ಗ್ಯಾಸನ್ನು ನಮ್ಮ ಊರಿನಲ್ಲಿ ಹಿಡಿಯಲು ಆಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ; ಅದಕ್ಕೆ ಮುಚ್ಚಿದ ಯಂತ್ರದೊಳಗೆ ಪುಡಿ ಮಾಡುವ ಘಟಕ ಬೇಕು. ಅದಕ್ಕಾಗಿಯೇ ಪೆಟ್ಟಿಗೆಯನ್ನು ಒಡೆಯದೆ, ಸುಡದೆ ಇಡಿಯಾಗಿ ನೋಂದಾಯಿತ ಮರುಬಳಕೆದಾರರಿಗೆ ಕಳಿಸುವ ಒಪ್ಪಂದ ಮಾಡಿಕೊಳ್ಳಿ.

ಈ ವ್ಯವಸ್ಥೆಯಲ್ಲಿ ಗುಜರಿಯವರನ್ನು ಹೊರಗೆ ಹಾಕಬೇಡಿ ಎಂಬುದು ನನ್ನ ವಿಶೇಷ ವಿನಂತಿ. ಮನೆಮನೆಯ ಹಳೇ ಸಾಮಾನು ಎಲ್ಲಿದೆ ಎಂದು ಅವರಿಗೆ ಗೊತ್ತಿರುವಷ್ಟು ನಿಮ್ಮ ಗಣಕಯಂತ್ರಕ್ಕೂ ಗೊತ್ತಿಲ್ಲ. ಪೊಲೀಸರನ್ನು ಕಳಿಸಿ ಎರಡು ಅಂಗಡಿ ಮುಚ್ಚಿಸಿದರೆ ಅದೇ ಕೆಲಸ ಇನ್ನೊಂದು ಓಣಿಯಲ್ಲಿ ರಾತ್ರಿ ಹೊತ್ತು ನಡೆಯುತ್ತದೆ, ಅಷ್ಟೆ. ಪೈಪ್ ಕೊಯ್ಯದ ಇಡೀ ಫ್ರಿಜ್ ತಂದು ಶೆಡ್ಡಿಗೆ ಒಪ್ಪಿಸಿದವರಿಗೆ, ಲೋಹದಿಂದ ಸಿಗುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚು ಸಿಗುವ ಹಾಗೆ ದರ ಗೊತ್ತು ಮಾಡಿ. ನಮ್ಮ ಯಜಮಾನರ ಪ್ರಶ್ನೆಗೆ ಅದೊಂದೇ ಉತ್ತರ. ಆ ಹೆಚ್ಚಿನ ಹಣವನ್ನು ಷೋರೂಮ್‌ಗಳಿಂದ, ಅವರ ಮೂಲಕ ಕಂಪನಿಗಳಿಂದ ಕೇಳಿ ಪಡೆಯುವುದು ನಗರಸಭೆಗೆ ಸಾಧ್ಯ, ನನ್ನಂಥವನಿಗೆ ಅಲ್ಲ. ಹಬ್ಬದ ಎಕ್ಸ್‌ಚೇಂಜ್‌ನಲ್ಲಿ ಬಂದ ಹಳೆಯ ಫ್ರಿಜ್ ಎಷ್ಟು, ಎಲ್ಲಿಗೆ ಹೋದವು ಎಂಬ ಲೆಕ್ಕವನ್ನೂ ಅವರಿಂದಲೇ ತರಿಸಿಕೊಳ್ಳಿ.

ಕೆಲಸಕ್ಕೆ ಜನ ಎಲ್ಲಿದ್ದಾರೆ ಎನ್ನುತ್ತೀರಾದರೆ, ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಕಲಿತು ಬಂದ ಹುಡುಗರಿದ್ದಾರೆ. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತ ಶೈತ್ಯೀಕರಣ ಕ್ರಿಯಾ ಯೋಜನೆಯಲ್ಲಿ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇತ್ತು. ಗ್ಯಾಸ್ ಹಿಡಿಯುವುದು ಆ ಪಾಠದ ಭಾಗ. ಆದರೆ ಕಲಿತ ಹುಡುಗ ಊರಿಗೆ ಬಂದು ನೋಡಿದರೆ ಮೆಷಿನ್ ಇಲ್ಲ, ಹಿಡಿದ ಗ್ಯಾಸ್ ಒಪ್ಪಿಸಲು ಜಾಗವಿಲ್ಲ, ಗಿರಾಕಿಗೆ ಅದಕ್ಕಾಗಿ ಕಾಸು ಬಿಚ್ಚುವ ಮನಸ್ಸಿಲ್ಲ. ಎರಡೇ ತಿಂಗಳಲ್ಲಿ ಅವನೂ ಗಾಳಿಗೆ ಬಿಡಲು ಶುರು ಮಾಡುತ್ತಾನೆ. ಶೆಡ್ ಆದರೆ ವಾರಕ್ಕೊಂದು ದಿನ ಬಂದು ಹುಡುಗರಿಗೆ ಕೈಹಿಡಿದು ತೋರಿಸಲು ನಾನು ತಯಾರು, ಸಂಬಳ ಬೇಡ.

ಊರಿನವರಿಗೂ ಇಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಫ್ರಿಜ್ ಓಡುತ್ತಿದ್ದರೆ, ಗ್ಯಾಸ್ಕೆಟ್ ಬದಲಿಸಿದರೆ ಸರಿಹೋಗುವಂತಿದ್ದರೆ, ಹಬ್ಬದ ಆಫರ್ ನೋಡಿ ಹೊರಗೆ ಹಾಕಬೇಡಿ. ಹಾಕಲೇಬೇಕೆಂದರೆ ಹಿಂದಿನ ದಿನವೇ ಪ್ಲಗ್ ಕಿತ್ತು, ಬಾಗಿಲು ತೆಗೆದಿಟ್ಟು ಐಸ್ ತಾನಾಗಿ ಕರಗಲು ಬಿಡಿ. ಚಾಕು ಹಾಕಿ ಐಸ್ ಕೆರೆಯಬೇಡಿ, ಫ್ರೀಜರ್‌ನ ತೆಳು ಅಲ್ಯೂಮಿನಿಯಂ ತೂತಾದರೆ ಗ್ಯಾಸ್ ಅಡುಗೆಮನೆಯಲ್ಲೇ ಸೋರುತ್ತದೆ. ಗಾಜಿನ ತಟ್ಟೆ, ತರಕಾರಿ ಡಬ್ಬಿ ಹೊರಗೆ ತೆಗೆದು ಪೆಟ್ಟಿಗೆಯನ್ನು ನೆಟ್ಟಗೇ ಸಾಗಿಸಿ. ಇನ್ನೊಬ್ಬರು ಬಳಸಲು ಒಯ್ಯುವುದಾದರೆ ಬಾಗಿಲು ಹಾಗೇ ಇರಲಿ, ಕೆಟ್ಟದ್ದಾದರೆ ಮನೆ ದಾಟುವ ಮೊದಲೇ ಬಾಗಿಲು ಬಿಚ್ಚಿಸಿ. ನಮ್ಮ ಕಡೆ ತೋಟದ ಮನೆಯಲ್ಲಿ ಇಲಿ ಕಾಟಕ್ಕೆ ಹೆದರಿ ಬಿತ್ತನೆ ಬೀಜ ಇಡಲು ಹಳೆಯ ಫ್ರಿಜ್ ಒಯ್ಯುವವರಿದ್ದಾರೆ. ಒಳ್ಳೆಯ ಉಪಾಯವೇ, ಬೀಗದ ಕೊಂಡಿ ಕಿತ್ತುಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮಾನ್ಯರೇ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಬೇಕೆಂದು, ದಸರಾ ಮಾರಾಟ ಶುರುವಾಗುವ ಮೊದಲು ಷೋರೂಮ್ ಮಾಲೀಕರು, ಗುಜರಿಯವರು, ಮೆಕ್ಯಾನಿಕ್‌ಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬೇಕೆಂದು ಕೋರುತ್ತೇನೆ. ಶಾಲೆಯ ಹಿಂದಿನ ಸೈಟಿನ ಫ್ರಿಜ್ಜಿಗೆ ಸಭೆಯವರೆಗೆ ಕಾಯಬೇಡಿ. ಸೈಟಿನ ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಅವರ ಅನುಮತಿಯಿಲ್ಲದೆ ಮುಟ್ಟಿದರೆ ತಕರಾರು ಬರುತ್ತದೆ ಎಂದು ಅಕ್ಕಪಕ್ಕದವರು ನನ್ನನ್ನು ತಡೆದಿದ್ದಾರೆ. ನಿಮ್ಮ ಆರೋಗ್ಯ ನಿರೀಕ್ಷಕರ ಒಂದು ಸಹಿ ಇದ್ದರೆ ಆ ತಕರಾರೂ ಇರುವುದಿಲ್ಲ. ಅದಕ್ಕೆ ಸಂಬಂಧಿಸಿದ ಅರ್ಜಿಯನ್ನು ಈ ಪತ್ರದ ಜೊತೆಗೇ ಟಪಾಲಿಗೆ ಕೊಡುತ್ತಿದ್ದೇನೆ. ದಯವಿಟ್ಟು ಈ ಸಲ ಉತ್ತರವನ್ನು ಲಿಖಿತವಾಗಿ ಕೊಡಿ.

ಇಂತಿ,
ತಮ್ಮ ವಿಶ್ವಾಸಿ,
ಈ ಊರಿನ ಒಬ್ಬ ಫ್ರಿಜ್ ಮೆಕ್ಯಾನಿಕ್